ಪಿಕಪ್ಪಿಗೆ ಯಾವ ಗೇರು

೧೪ ನವೆಂಬರ್, ಮಂಗಳವಾರ

ಪಿಕಪ್ ಇವತ್ತೂ ಗ್ಯಾರೇಜಿನಲ್ಲೇ ಉಳಿಯಿತು. ಇವರು ತೀರಿಕೊಳ್ಳುವ ಮುಂಚೆ ಆಸೆಪಟ್ಟು ಹಾಕಿಸಿದ ದೊಡ್ಡ ಟೈರುಗಳಿಂದ ಅದರ ಕಸುವೇ ಹೋಗಿದೆ. ಜೇನುಪೆಟ್ಟಿಗೆ ತುಂಬಿಕೊಂಡು ಗುಡ್ಡ ಹತ್ತುವಾಗ ಏದುಸಿರು ಬಿಡುತ್ತದೆ.

ಹೊಸ ಮೆಕ್ಯಾನಿಕ್ ಹಿಂದಿನ ಆಕ್ಸಲ್ ಬಿಚ್ಚಿಟ್ಟು ಹಲ್ಲುಗಳ ಅನುಪಾತ ಬೇರೆ ಬೇರೆಯಿರುವ ಎರಡು ಜೊತೆ ಗೇರು ತೋರಿಸಿದ. "ನಾಲ್ಕು ಪಾಯಿಂಟ್ ಒಂದು ಹಾಕಿದ್ರೆ ಹೆದ್ದಾರೀಲಿ ಸಲೀಸು, ಡೀಸೆಲ್ಲೂ ಉಳಿಯುತ್ತೆ. ಈ ನಾಲ್ಕೂವರೆ ಚಿಲ್ಲರೆ ಹಾಕಿದ್ರೆ ಗುಡ್ಡ ಸರಾಗವಾಗಿ ಹತ್ತುತ್ತೆ, ಆದ್ರೆ ರಸ್ತೇಲಿ ಇಂಜಿನ್ ಅರಚುತ್ತೆ. ಮನೇಲಿ ಒಂದು ಮಾತು ಕೇಳಿ ಹೇಳಿ ಅಕ್ಕಾ."

ಅವನಿಗೇನು ಗೊತ್ತು! ನಾನೂ "ಕೇಳಿ ಹೇಳ್ತೀನಿ" ಎಂದುಬಿಟ್ಟೆ.

ಬಸ್ಸು ಹಿಡಿದು ಬಂದು, ಅಡುಗೆಮನೆಯಲ್ಲಿ ಕುಳಿತೆ. ಇವರಾದರೆ ನಾಲ್ಕು ಪಾಯಿಂಟ್ ಒಂದೇ ಸಾಕು ಅನ್ನುತ್ತಿದ್ದರು. ಡೀಸೆಲ್ ವಿಷಯದಲ್ಲಿ ಮಹಾ ಜಿಪುಣ. "ಗುಡ್ಡದಲ್ಲಿ ನಿಂತ್ರೆ ಪೆಟ್ಟಿಗೆ ನೀವು ಹೊರ್ತೀರಾ?" ಎಂದು ನಾನು ರೇಗುತ್ತಿದ್ದೆ. ಊಟ ಆರಿ ತಣ್ಣಗಾಗುವ ತನಕ ಜಗಳ. ಇವತ್ತು ಇಬ್ಬರ ಮಾತನ್ನೂ ನಾನೇ ಗಟ್ಟಿಯಾಗಿ ಆಡಿದೆ. ನಾನೇ ಗೆದ್ದೆ. ಇಷ್ಟು ಸುಲಭವಾಗಿ ಯಾವತ್ತೂ ಗೆದ್ದಿರಲಿಲ್ಲ.

ಫೋನ್ ಮಾಡಿ, ನಾಲ್ಕೂವರೆಯದೇ ಹಾಕಿ ಎಂದೆ.

"ಮನೇಲೂ ಒಪ್ಪಿದ್ರಾ ಅಕ್ಕಾ?"

"ಹೂಂ. ಮೊದ್ಲು ಸ್ವಲ್ಪ ಗೊಣಗಿದ್ರು, ಆಮೇಲೆ ಒಪ್ಪಿದ್ರು."

ಹಾಗೆ ಹೇಳುವಾಗ ಒಂದು ಗಳಿಗೆ ಎಷ್ಟು ಹಿತವಾಯಿತು! ಫೋನಿಟ್ಟ ಮೇಲೆ ಮನೆ ಇನ್ನೂ ದೊಡ್ಡದಾದಂತೆ ಕಂಡಿತು.

ನಾಳೆ ಗಾಡಿ ತರಲು ಹೋದಾಗ ಅವನಿಗೆ ನಿಜ ಹೇಳಬೇಕು. ಬೇಡ, ಹೇಳುವುದಿಲ್ಲ. ಒಬ್ಬನಾದರೂ ಇವರು ಮನೆಯಲ್ಲಿದ್ದಾರೆ ಅಂದುಕೊಂಡಿರಲಿ.