ಹೇರ್‌ಪಿನ್ನಿನ ಗಂಟೆ

ಶಹಾಪುರ, ೧೨ ಡಿಸೆಂಬರ್ ೧೯೭೯, ಬುಧವಾರ

"ಯಾವ ಪುಸ್ತಕದಾಗ ನೋಡಿ ನಕಲು ಮಾಡೀಯವಾ?" ವಿಜ್ಞಾನ ಪ್ರದರ್ಶನದ ಪರೀಕ್ಷಕರ ಮಾತು ಇನ್ನೂ ಕಿವಿಯಲ್ಲೇ ಇದೆ. ದೊಡ್ಡ ಗಿರಣಿಗಳಲ್ಲಿ ಇಂಥದ್ದು ಎಂದೋ ಬಂದಿದೆಯಂತೆ. ಬಂದಿರಲಿ! ನಾನೇನು ಗಿರಣಿ ನೋಡಿದ್ದೇನೆಯೇ?

ನಾನು ನೋಡಿದ್ದು ಅವ್ವನನ್ನು. ಎಳೆ ಕಡಿದೀತೆಂದು ಕರೆಂಟಿನ ಮಗ್ಗದಿಂದ ಕಣ್ಣು ಕೀಳದೆ ದಿನವಿಡೀ ನಿಲ್ಲುವವಳನ್ನು. ಅದಕ್ಕೇ ಸೀರೆಯ ದಡಿಯ ಒಂದೊಂದು ಎಳೆಗೂ ಒಂದೊಂದು ಹೇರ್‌ಪಿನ್ ತೂಗುವಂಥ ಗಂಟೆಯೊಂದನ್ನು ಮಾಡಿದೆ. ಎಳೆ ಕಡಿದರೆ ಪಿನ್ನು ಕೆಳಗಿನ ತಾಮ್ರದ ಪಟ್ಟಿಗಳ ಮೇಲೆ ಬಿದ್ದು ಬ್ಯಾಟರಿಯ ಗಂಟೆ ಬಡಿಯುತ್ತದೆ. ಪಿನ್ನಿಗಾಗಿ ಓಣಿಯ ಹೆಂಗಸರ ತುರುಬನ್ನೆಲ್ಲ ಬಿಚ್ಚಿಸಿದ್ದೆ.

ಸಂಜೆ ಬಂದವಳೇ ಅದನ್ನು ಮೂಲೆಗೆ ಒಗೆದೆ. ಅವ್ವ ಎತ್ತಿಕೊಂಡಳು. "ಅವರ ಗಿರಣ್ಯಾಗ ಇದ್ದರ ಇರವಲ್ದ್ಯಾಕ. ನಮಗ ಯಾರರ ಬಂದು ಹೇಳ್ಯಾರೇನು? ಬಾ, ಕಟ್ಟಿಕೊಡು."

ಸಿಟ್ಟಿನಲ್ಲೇ ಕಟ್ಟಿಕೊಟ್ಟೆ.

ಈಗ ಮಗ್ಗ ಓಡುತ್ತಿದೆ. ಅವ್ವ ಅದಕ್ಕೆ ಬೆನ್ನು ಹಾಕಿ ಕೂತು, ಬಾಜೂಮನೆಯ ಸಿದ್ದಕ್ಕನ ಜೊತೆ ಎಲೆಯಡಿಕೆ ಮೆಲ್ಲುತ್ತ ಹರಟುತ್ತಿದ್ದಾಳೆ. ಅವ್ವ ಮಗ್ಗಕ್ಕೆ ಬೆನ್ನು ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅಗೋ, ಗಂಟೆ! ಇಡೀ ಓಣಿಗೆ ಕೇಳುವಂತೆ ಅವ್ವ ನನ್ನ ಹೆಸರು ಕೂಗುತ್ತಿದ್ದಾಳೆ.