ಹೂಂ ಅನ್ನದ ಪರೀಕ್ಷಕ

ಹ್ಯೂಸ್ಟನ್
೮ ಅಕ್ಟೋಬರ್ ೨೦೦೬, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಅಣ್ಣಾಸಾಹೇಬನ ನಮಸ್ಕಾರ. ನಿನ್ನ ಬಲಗೈ ಮಣಿಕಟ್ಟಿನ ನೋವು ಹೇಗಿದೆ? ನಲವತ್ತು ವರ್ಷ ಖಾನಾವಳಿಯಲ್ಲಿ ರೊಟ್ಟಿ ಬಡಿದ ಕೈ ಅದು, ಇನ್ನಾದರೂ ಆ ಕೆಲಸದ ಹೆಂಗಸರಿಗೆ ಬಿಟ್ಟುಕೊಡು. ಬಿಟ್ಟುಕೊಡುವುದಿಲ್ಲ, ಗೊತ್ತು. ನಾವಿಲ್ಲಿ ಆರೋಗ್ಯ. ನಿನ್ನ ಮಗ ವಿನಾಯಕ ಎರಡು ಹೊತ್ತು ಉಣ್ಣುತ್ತಾನೆ, ಮೂರನೆಯ ಹೊತ್ತು ಕೇಳುತ್ತಾನೆ.

ಈಗ ಲೆಕ್ಕ ಕೇಳು. ಡಲ್ಲಾಸಿನ ಪರೀಕ್ಷಕರ ಶಿಬಿರಕ್ಕೆ ಸಾವಿರದ ನೂರು ಡಾಲರು. ನನ್ನದೇ ಕ್ರೇನ್ ಪರವಾನಗಿ ಹೊಸದು ಮಾಡಿಸಲು ಮುನ್ನೂರು. ಆಸ್ಟಿನ್ನಿನಲ್ಲಿ ನನ್ನನ್ನು ಪರೀಕ್ಷಿಸಿದ್ದಕ್ಕೆ ನಾನೂರೈವತ್ತು, ಎರಡು ಸಲ. ವಿನಾಯಕನನ್ನು ಪರೀಕ್ಷಿಸಿದ್ದಕ್ಕೆ ಇನ್ನೂರು. ಪೆಟ್ರೋಲಿಗೆ ನೂರಾ ಎಂಬತ್ತು. ರಜಾದಿನ ಬಿಟ್ಟು ನಾಲ್ಕು ದಿನ ಕ್ರೇನು ಅಂಗಳದಲ್ಲಿ ಸುಮ್ಮನೆ ನಿಂತದ್ದಕ್ಕೆ ದಿನಕ್ಕೆ ಒಂಬೈನೂರರಂತೆ ಮೂರು ಸಾವಿರದ ಆರುನೂರು. ಒಟ್ಟು ಆರು ಸಾವಿರದ ಇನ್ನೂರಾ ಎಂಬತ್ತು. ಕಾಲು ಕಿಲೋ ಲವಂಗ ಬೇರೆ. ಅದರ ಕಥೆ ಆಮೇಲೆ ಬರುತ್ತದೆ. ಫೋನಿನಲ್ಲಿ ಇದನ್ನೆಲ್ಲ ಹೇಳೋಣವೆಂದರೆ ವಿನಾಯಕ ಪಕ್ಕದಲ್ಲೇ ಕೂತಿರುತ್ತಾನೆ, ಅದಕ್ಕೇ ಪತ್ರ.

ಐದು ವರ್ಷದ ಹಿಂದೆ ನೀನು ಅವನನ್ನು ನನ್ನ ಕೈಗೆ ಒಪ್ಪಿಸಿದಾಗ, ಕ್ರೇನಿನ ಸೀಟಿನಲ್ಲಿ ಕೂರಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸೀಟಿನಲ್ಲೇನೋ ಕೂತಿದ್ದಾನೆ, ನಾನು ಕೆಳಗೆ ನಿಂತಿದ್ದರೆ ಮಾತ್ರ. ಒಬ್ಬನೇ ನಡೆಸಬೇಕೆಂದರೆ ಪರವಾನಗಿ ಬೇಕು. ಇಲ್ಲಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಗುತ್ತಿಗೆದಾರನೊಬ್ಬ, ನವೆಂಬರ್ ಒಂದರೊಳಗೆ ಪರವಾನಗಿ ತೋರಿಸಿದರೆ ಇವನನ್ನೇ ಕ್ರೇನಿಗೆ ಹಾಕುತ್ತೇನೆ, ಇಲ್ಲವಾದರೆ ಬೇರೆಯವನು ಎಂದಿದ್ದಾನೆ. ಪರೀಕ್ಷಕರೋ ಬೆರಳೆಣಿಕೆಯಷ್ಟು. ದಿನ ಕೊಡಿ ಎಂದು ಕೇಳಿದರೆ ದೇವಸ್ಥಾನದಲ್ಲಿ ಹೂವಿನ ಪ್ರಸಾದಕ್ಕೆ ಕಾದಂತೆ ಕಾಯಬೇಕು. ಆಗ ನನ್ನ ತಲೆ ಓಡಿತು. ನಾನೇ ಪರೀಕ್ಷಕನಾದರೆ? ಇಪ್ಪತ್ತೆರಡು ವರ್ಷ ಕ್ರೇನಿನ ಮೇಲೆ ಕಳೆದವನು ನಾನು. ಪರೀಕ್ಷೆ ಮಾಡಲು ಕಣ್ಣಿದ್ದರೆ ಸಾಲದೇ?

ಸಾಲದು. ಕ್ರೇನಿನಂಥ ಅಪಾಯದ ಕೆಲಸಕ್ಕೆ ಪರವಾನಗಿ ಕೊಡುವ ಮಂಡಳಿಯೊಂದಿದೆ. ಪರೀಕ್ಷೆ ಬರೆಯುವವನಿಗಿಂತ ಪರೀಕ್ಷೆ ಮಾಡುವವನ ಮೇಲೇ ಅದಕ್ಕೆ ಅನುಮಾನ ಹೆಚ್ಚು. ಪರೀಕ್ಷಕನ ಸ್ವಂತ ಪರವಾನಗಿ ಚಾಲ್ತಿಯಲ್ಲಿರಬೇಕು, ಮೂರು ದಿನ ಶಿಬಿರದಲ್ಲಿ ಕೂರಬೇಕು, ಲಿಖಿತ ಪರೀಕ್ಷೆ ಪಾಸಾಗಬೇಕು, ಆಮೇಲೆ ಮಂಡಳಿಯ ಮೇಲ್ವಿಚಾರಕರ ಕಣ್ಣೆದುರು ಒಬ್ಬನನ್ನು ಪರೀಕ್ಷಿಸಿ ತೋರಿಸಬೇಕು. ಇಷ್ಟೆಲ್ಲ ಆದ ಮೇಲೆ ಮಾನ್ಯತೆ, ಅದೂ ಐದೇ ವರ್ಷಕ್ಕೆ. ಮದುವೆಗೂ ಇಷ್ಟು ವಿಚಾರಿಸುವುದಿಲ್ಲ. ಡಲ್ಲಾಸಿಗೆ ಹೋದೆ. ಹೋಟೆಲಿನ ದುಡ್ಡು ಉಳಿಸಲು ಅಲ್ಲೇ ಪಕ್ಕದ ಕಾಪೆಲ್‌ನಲ್ಲಿರುವ ಗೆಳೆಯ ಮೋಹನರಾಜನ ಮನೆಯಲ್ಲಿ ಉಳಿದೆ. ಅವನ ಮಕ್ಕಳು ನನ್ನ ಕನ್ನಡವನ್ನೆಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸಿದವು. ಶಿಬಿರದ ಎರಡನೇ ದಿನ ಕೈಪಿಡಿಯಲ್ಲಿ ಸಂಬಂಧಿಕರ ಪಟ್ಟಿ ಬಂತು. ಪರೀಕ್ಷಕ ತನ್ನ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಒಡಹುಟ್ಟಿದವರನ್ನು ಪರೀಕ್ಷಿಸುವಂತಿಲ್ಲ. ಬೆರಳಿಟ್ಟು ಎರಡು ಸಲ ಓದಿದೆ. ಅಕ್ಕನ ಮಗ ಇಲ್ಲ! ಗೆದ್ದೆ ಅಂದುಕೊಂಡೆ. ಹಾಳೆ ತಿರುವಿದರೆ, ತಾನು ಕಲಿಸಿದವನನ್ನೂ ಪರೀಕ್ಷಿಸುವಂತಿಲ್ಲ, ತನ್ನ ಮನೆಯಲ್ಲಿ ಇರುವವನನ್ನೂ ಪರೀಕ್ಷಿಸುವಂತಿಲ್ಲ. ಯಾರಿಗಾಗಿ ಇಷ್ಟು ದೂರ ಬಂದೆನೋ ಅವನೊಬ್ಬನನ್ನು ಬಿಟ್ಟು ಟೆಕ್ಸಸ್ಸಿನ ಉಳಿದವರನ್ನೆಲ್ಲ ನಾನು ಪರೀಕ್ಷಿಸಬಹುದು. ಕಟ್ಟಿದ ಹಣ ವಾಪಸ್ಸು ಕೊಡುತ್ತೀರಾ ಎಂದು ಕೇಳಿದೆ. ಮೂವತ್ತು ಜನ ನಕ್ಕರು. ಸರಿ, ಮಾನ್ಯತೆಯನ್ನಾದರೂ ತೆಗೆದುಕೊಂಡೇ ಹೋಗುತ್ತೇನೆ ಎಂದು ಹಟ ಹಿಡಿದೆ.

ಆಸ್ಟಿನ್ನಿಗೆ ಹೋದದ್ದು ಅದಕ್ಕೇ. ಊರ ಉತ್ತರಕ್ಕೆ ಲಿಯಾಂಡರ್ ಕಡೆ ಹೊಸ ಮನೆಗಳು ಏಳುತ್ತಿರುವಲ್ಲಿ ಒಂದು ಮೈದಾನವಿದೆ. ಅಂಕುಡೊಂಕಾಗಿ ಕಂಬ ನೆಟ್ಟಿರುತ್ತಾರೆ. ತೂಕ ತುಂಬಿದ ಪೀಪಾಯಿಯನ್ನು ಕ್ರೇನಿನಿಂದ ಎತ್ತಿ, ಒಂದೂ ಕಂಬಕ್ಕೆ ತಗುಲದ ಹಾಗೆ ಎಂಟು ನಿಮಿಷದಲ್ಲಿ ಆ ತುದಿಗೆ ಇಳಿಸಬೇಕು. ಪರೀಕ್ಷಕ ಗಡಿಯಾರ ಹಿಡಿದು ನಿಂತಿರಬೇಕು. ಮಾತಿಲ್ಲ, ಕೈಸನ್ನೆ ಇಲ್ಲ. ನನ್ನ ಪಾಲಿಗೆ ಬಂದವನು ಹೆಕ್ಟರ್ ಎಂಬ ನಲವತ್ತರ ಗೃಹಸ್ಥ. ಮೇಲ್ವಿಚಾರಕಿ ಡೋನಾ ನನ್ನ ಬೆನ್ನ ಹಿಂದೆ. ನಾನು ಬಾಯಿ ಬಿಗಿಹಿಡಿದೆ. ನನ್ನ ಜನ್ಮದಲ್ಲಿ ಎಂಟು ನಿಮಿಷ ಸುಮ್ಮನಿದ್ದದ್ದು ಅದೇ ಮೊದಲು ಎಂದು ಹೆಮ್ಮೆಯಿಂದ ತಿರುಗಿದರೆ, ಆಕೆ ಹಾಳೆಯ ಮೇಲೆ ಸಾಲಾಗಿ ಗೀಟು ಹಾಕಿದ್ದಳು. ನಲವತ್ತೊಂದು ಗೀಟು. ನೀವು ಹಾಡುತ್ತಿದ್ದಿರಾ ಎಂದು ಕೇಳಿದಳು. ಅಕ್ಕಾ, ನಾನು ಹೂಂಗುಟ್ಟುತ್ತಿದ್ದೆನಂತೆ! ಪೀಪಾಯಿ ಎದ್ದರೆ ಹೂಂ, ತಿರುಗಿದರೆ ಹೂಂ. ನನಗೆ ಗೊತ್ತೇ ಇಲ್ಲ. ಅದೇನೂ ಸೂಚನೆಯಲ್ಲ, ನಮ್ಮ ಕಡೆ ಎಲ್ಲರೂ ಹೀಗೇ ಎಂದು ವಾದಿಸಿದೆ. ಆಕೆ ಹೆಕ್ಟರನನ್ನು ಕರೆದು ಕೇಳಿದಳು. ಅವನು ಸತ್ಯಹರಿಶ್ಚಂದ್ರನ ಮೊಮ್ಮಗ. ಇವರು ಹೂಂ ಅಂದಾಗ ಮುಂದೆ ಹೋದೆ, ನಿಲ್ಲಿಸಿದಾಗ ನಿಂತೆ, ಬಹಳ ಸುಲಭವಾಯಿತು ಎಂದ. ಅವನ ಪರೀಕ್ಷೆಯೂ ರದ್ದು, ನನ್ನದೂ ರದ್ದು.

ಇದಕ್ಕೆ ಮೂಲ ನೀನು. ಖಾನಾವಳಿಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕಥೆ ಹೇಳುತ್ತಿದ್ದೆಯಲ್ಲ, ನಾವು ಒಂದು ಸಲ ಹೂಂ ಅನ್ನಲು ಮರೆತರೆ ಸಾಕು, ಅಲ್ಲಿಗೇ ನಿಲ್ಲಿಸುತ್ತಿದ್ದೆ. "ಹೂಂ ಅನ್ರೋ, ಇಲ್ಲಂದ್ರ ರಾಜಕುಮಾರ ಬಾವ್ಯಾಗ ಕುಂತಿರ್ತಾನ." ಪಾಪದ ರಾಜಕುಮಾರನನ್ನು ಮೇಲೆತ್ತಲು ನಾನು ನಿದ್ದೆಗಣ್ಣಲ್ಲೂ ಹೂಂ ಅನ್ನುತ್ತಿದ್ದೆ. ಆ ಚಟ ನಾನೂರೈವತ್ತು ಡಾಲರಿಗೆ ಬಿತ್ತು ನೋಡು. ಎರಡನೇ ಸಲ ಹೋಗುವಾಗ ಬಾಯಿ ತುಂಬ ಲವಂಗ ಇಟ್ಟುಕೊಂಡೆ. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಹೂಂ ಬರಲಿಲ್ಲ. ನಾನೂ ಪಾಸು, ಹೆಕ್ಟರನೂ ಪಾಸು.

ಕಳೆದ ಮಂಗಳವಾರ ವಿನಾಯಕನ ಸರದಿ. ಅದೇ ಮೈದಾನ, ಪರೀಕ್ಷಕ ಕರ್ಟಿಸ್ ಎಂಬ ಬಿಳಿ ಮೀಸೆಯ ಮುದುಕ. ಅವನ ಮುಖಕ್ಕಿಂತ ಗೋಡೆಯೇ ಹೆಚ್ಚು ಮಾತಾಡುತ್ತದೆ ಅನ್ನಿಸುತ್ತದೆ. ನಾನು ಬೇಲಿಯ ಆಚೆ ನಿಂತೆ, ಬಾಯಲ್ಲಿ ಲವಂಗ. ವಿನಾಯಕ ಪೀಪಾಯಿ ಎತ್ತಿದ ರೀತಿ ನೀನು ನೋಡಬೇಕಿತ್ತು, ತುಂಬಿದ ಹಾಲಿನ ಪಾತ್ರೆ ಎತ್ತಿದ ಹಾಗೆ. ಮೊದಲ ತಿರುವಿಗೆ ಬಂದ, ನಿಲ್ಲಿಸಿದ. ಕರ್ಟಿಸನ ಮುಖ ನೋಡಿದ. ಅರ್ಧ ನಿಮಿಷ ಬಿಟ್ಟು ಮುಂದೆ ಹೋದ. ಎರಡನೇ ತಿರುವಿನಲ್ಲೂ ಹಾಗೇ. ಮೂರನೆಯದರಲ್ಲಿ ನನ್ನತ್ತ ನೋಡಿದ. ಪೀಪಾಯಿ ಗಾಳಿಯಲ್ಲಿ ನೇತಾಡುತ್ತಿದೆ, ಒಂದು ಕಂಬಕ್ಕೂ ತಗುಲಿಲ್ಲ, ಇವನು ಮಾತ್ರ ಕದಲುತ್ತಿಲ್ಲ. ಎಂಟು ನಿಮಿಷ ಮುಗಿಯಿತು. ವಾಪಸ್ಸು ಬರುವಾಗ ನೂರು ಮೈಲಿ ದಾಟಿದೆವು. ಆಮೇಲೆ ಅವನೇ ಹೇಳಿದ. "ಮಾಮಾ, ಅಂವ ಹೂಂ ಅನ್ನಲಿಲ್ಲ. ನೀವೂ ಅನ್ನಲಿಲ್ರಿ. ಏನೋ ತಪ್ಪ ಮಾಡೀನಿ ಅಂತ ನಿಂತೆ." ಯಾರ ಮೇಲೆ ಸಿಟ್ಟು ಮಾಡಲಿ? ಐದು ವರ್ಷ ಕೆಳಗೆ ನಿಂತು ಹೂಂ ಹೂಂ ಎಂದು ಕಲಿಸಿದವನು ನಾನು. ಅವನಿಗೆ ಕ್ರೇನ್ ಬರುತ್ತದೆ ಅಕ್ಕಾ, ನನಗಿಂತ ಚೆನ್ನಾಗಿ ಬರುತ್ತದೆ. ಬರುತ್ತದೆ ಎಂದು ಅವನಿಗೊಬ್ಬನಿಗೇ ಗೊತ್ತಿಲ್ಲ. ಕಲಿಸಿದವನೇ ಪರೀಕ್ಷಿಸಬಾರದು ಎಂದು ಮಂಡಳಿಯವರು ಯಾಕೆ ಬರೆದರೋ, ಆ ಹಾಳು ಹಾಳೆಯ ಅರ್ಥ ನನಗೆ ಹೆದ್ದಾರಿಯ ಮೇಲೆ ಹೊಳೆಯಿತು. ಹೊಳೆದದ್ದಕ್ಕೂ ಸಿಟ್ಟು ಬಂತು.

ಖಾನಾವಳಿಯ ಎಲ್ಲರನ್ನೂ ಕೇಳಿದೆನೆಂದು ಹೇಳು. ಮಣಿಕಟ್ಟಿಗೆ ಬಿಸಿನೀರಿನ ಕಾವು ಕೊಡು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿನ್ನ ತಮ್ಮ
ಅಣ್ಣಾಸಾಹೇಬ

ತಾ.ಕ.: ಅವಸರದಲ್ಲಿ ಮುಖ್ಯ ವಿಷಯವೇ ಬಿಟ್ಟುಹೋಯಿತು. ಮರುಪರೀಕ್ಷೆ ಇದೇ ಇಪ್ಪತ್ತೇಳಕ್ಕೆ, ಕರ್ಟಿಸನ ಮುಂದೆಯೇ. ನಾನು ದಿನಾ ಅಂಗಳದಲ್ಲಿ ಲವಂಗ ಕಚ್ಚಿ ನಿಂತು ಅಭ್ಯಾಸ ಮಾಡಿಸುತ್ತಿದ್ದೇನೆ. ಎರಡು ತಿರುವು ನಿಲ್ಲದೆ ದಾಟುತ್ತಾನೆ, ಮೂರನೆಯದು ಬಾಕಿ. ಈ ಪತ್ರ ನಿನಗೆ ಇಪ್ಪತ್ತರೊಳಗೆ ಸಿಗಬೇಕು. ಇಪ್ಪತ್ತೆರಡರ ಭಾನುವಾರ ಅವನು ಎಂದಿನಂತೆ ಫೋನ್ ಮಾಡಿ ವಾರದ ಕಥೆಯನ್ನೆಲ್ಲ ಹೇಳುತ್ತಾನೆ. ನೀನು ಹೂಂ ಅನ್ನಬೇಡ. ಅವ್ವಾ, ಅದಿಯೋ ಇಲ್ಲೋ ಎಂದು ಕೂಗುತ್ತಾನೆ, ಆಗಲೂ ಬೇಡ. ಸೆರಗು ಬಾಯಿಗೆ ಇಟ್ಟುಕೋ. ತನ್ನಷ್ಟಕ್ಕೆ ತಾನು ಕಥೆಯನ್ನು ಕೊನೆ ಮುಟ್ಟಿಸಲಿ. ಮುಟ್ಟಿಸಿದ ಮೇಲೆ ನಿನಗೆ ಎಷ್ಟು ಬೇಕೋ ಅಷ್ಟು ಅನ್ನು. ನಿನಗೆ ಇದು ನನಗಿಂತ ಕಷ್ಟ, ಗೊತ್ತು.

ಇಲ್ಲಿಯವರೆಗೆ ಯಾರಿಗೆ ಏನು ಬಂತು ಎಂದರೆ, ಮಂಡಳಿಗೆ ಎರಡೂವರೆ ಸಾವಿರ ಡಾಲರು. ಮೋಹನರಾಜನ ಮಕ್ಕಳಿಗೆ ಮೂರು ದಿನದ ಕನ್ನಡ. ಹೆಕ್ಟರನಿಗೆ ಪರವಾನಗಿ. ನನಗೆ ಐದು ವರ್ಷದ ಮಾನ್ಯತೆ, ಸುಟ್ಟ ನಾಲಿಗೆ. ವಿನಾಯಕನಿಗೆ ಇನ್ನೊಂದು ಎಂಟು ನಿಮಿಷ.