ಇನ್ನೇನು ಬಂತು

ಟೀಚರಮ್ಮನವರಿಗೆ ನಮಸ್ಕಾರ.

ನಿಮ್ಮ ಊರುಗೋಲು ನನ್ನ ಬಳಿಯೇ ಉಳಿದಿದೆ. ಮಂಡಿಯ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರೆಂದು ತಿಳಿಸಿ, ತಂದುಕೊಡುತ್ತೇನೆ.

ಚಾರಣದ ದಿನ ಕಣಿವೆ ದಾಟಿದಾಗ ನೀವು, “ಕೆರೆ ಇನ್ನೆಷ್ಟು ದೂರ ಗೈಡಪ್ಪಾ? ಜಾಸ್ತಿ ಇದ್ರೆ ಇಲ್ಲಿಂದ್ಲೇ ವಾಪಸ್ ಹೋಗ್ತೀನಿ” ಅಂದಿರಿ. “ಇನ್ನೇನು ಬಂತು” ಅಂದೆ. ಒಂದೂವರೆ ಗಂಟೆಯ ದಾರಿಯಿತ್ತು. ಸುಸ್ತಾದವರಿಗೆಲ್ಲ ಹಾಗೆನ್ನುವುದು ನಮ್ಮ ಕಸುಬಿನ ಚಾಳಿ. ನೀವು ನಂಬಿ ನಡೆದಿರಿ. ಕೆರೆ ಕಾಣುವ ಮೊದಲೇ, ಕಾಡಿನ ಏರಿನಲ್ಲಿ ಮಂಡಿ ಕೈಕೊಟ್ಟು ಬಿದ್ದಿರಿ.

ಈಗ ಯಾರೇ ಕೇಳಿದರೂ ಗಡಿಯಾರ ನೋಡಿ ನಿಜ ಹೇಳುತ್ತೇನೆ. ಅರ್ಧ ಗುಂಪು ಅಲ್ಲೇ ಕೂತುಬಿಡುತ್ತದೆ. ಕೂರಲಿ.

ಆ ದಿನ ನಿಮ್ಮ ಸ್ಟ್ರೆಚರ್ ಹೊತ್ತು ನಾವು ಇಳಿಯುವಾಗ, ನೀವೇ ನನ್ನ ಮುಖ ನೋಡಿ, “ಅಳಬೇಡಪ್ಪ, ಇನ್ನೇನು ಬಂತು” ಅಂದಿರಿ.

ಇಂತಿ,
ನಿಮ್ಮ ಗೈಡಪ್ಪ